ನಿಮಗಿದು ಗೊತ್ತೆ? ಕಾಳುಮೆಣಸಿನ ರಾಣಿಯ ರಾಜಧಾನಿ 1623ಕ್ಕೇ ಕಾಡಾಗಿತ್ತು!

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರದಿಂದ ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದ. ಒಂದು ಕಾಲದ ಪ್ರಸಿದ್ಧ ನಗರ ಪಾಳುಬಿದ್ದಿತ್ತು. ಅರಮನೆಯಿದ್ದ ಕಡೆ ಮರಗಳು ಎದ್ದಿದ್ದವು. ಉಳಿದಿದ್ದದ್ದು ರೈತರ ಕೆಲವು ಗುಡಿಸಲು ಮಾತ್ರ.

ರಾಣಿ ಚೆನ್ನಭೈರಾದೇವಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ ಊರಿದು. ಭಟ್ಕಳ, ಹೊನ್ನಾವರದ ಬಂದರುಗಳಿಂದ ಇಲ್ಲಿನ ಮೆಣಸು ಕಡಲಾಚೆ ಹೋಗುತ್ತಿತ್ತು. ಪೋರ್ಚುಗೀಸರು ಆಕೆಯನ್ನು ‘ಕಾಳುಮೆಣಸಿನ ರಾಣಿ’ ಎಂದೇ ಕರೆದರು. ಕೆಳದಿಯ ವೆಂಕಟಪ್ಪ ನಾಯಕನೆದುರು ಆಕೆ ಸೋತು ಎರಡು ದಶಕ ಕಳೆಯುವ ಮೊದಲೇ ಇಡೀ ಪಟ್ಟಣವನ್ನು ಕಾಡು ನುಂಗಿತ್ತು!

ಆ ವೈಭವದ ಕುರುಹು ಇಂದಿಗೂ ಗೇರುಸೊಪ್ಪೆಯ ನಗರಬಸ್ತಿಕೇರಿಯ ಕಾಡಿನ ನಡುವೆ ನಿಂತಿದೆ. ಅದೇ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಗರ್ಭಗುಡಿಯಲ್ಲಿ ನಾಲ್ಕೂ ಕಡೆಗೆ ಮುಖ ಮಾಡಿ ಕುಳಿತ ಜಿನಬಿಂಬಗಳು. ಯಾವ ಬಾಗಿಲಿನಿಂದ ಒಳಗೆ ಹೋದರೂ ಎದುರಿಗೆ ಜಿನನೇ. ಮಕ್ಕಳಿಗೆ ನಾಲ್ಕೂ ಬಾಗಿಲು ಹೊಕ್ಕು ನೋಡಲು ಹೇಳಿ, ಇತಿಹಾಸ ತಾನಾಗಿ ತಲೆಗೆ ಹತ್ತುತ್ತದೆ. ಜೋಗ ನೋಡಲು ಹೋಗುವ ಎಷ್ಟೋ ಕುಟುಂಬಗಳು ಗೇರುಸೊಪ್ಪೆಯ ದಾರಿಯಲ್ಲೇ ಸಾಗಿದರೂ ಬಸದಿಯತ್ತ ತಿರುಗುವುದಿಲ್ಲ, ಅದೇ ಬೇಸರ.

ಇನ್ನೂ ಸಮಯವಿದ್ದರೆ ಕುಮಟಾ ದಾಟಿ ಮಿರ್ಜಾನ ಕೋಟೆಗೆ ಹೋಗಿ. ಚಿರೇಕಲ್ಲಿನ ಈ ಕೋಟೆಯೂ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಮಳೆಗಾಲದಲ್ಲಿ ಗೋಡೆಗಳ ತುಂಬ ಹಸಿರು ಪಾಚಿ; ಮೆಟ್ಟಿಲು ಜಾರುತ್ತವೆ, ಮಕ್ಕಳ ಕೈ ಬಿಡಬೇಡಿ.