ಊರಿಗೂ ಬೇಕು ಒಂದು ಕಿರ್ದಿ: ಕಾರವಾರ–ಅಂಕೋಲೆಗಳ ಅನುಭವ

ತನ್ನ ಕಿರ್ದಿ-ಖಾತೆಯನ್ನು ತಿರುವಿ ನೋಡದೆ ಯಾವ ವ್ಯಾಪಾರಿಯೂ ಸರಕು ತರಿಸುವುದಿಲ್ಲ. ಆದರೆ ಆ ಸರಕು ಬರುವ ರಸ್ತೆ, ಅದನ್ನಿಡುವ ಗೋದಾಮು, ಅಂಗಡಿಯ ಮುಂದಿನ ಚರಂಡಿ, ಇವುಗಳ ಬಗೆಗಿನ ತೀರ್ಮಾನಗಳಿಗೆ ಯಾವ ಲೆಕ್ಕ ಆಧಾರ? ಕಾರವಾರ ಮತ್ತು ಅಂಕೋಲೆಗಳ ಮಟ್ಟಿಗೆ ಈ ಪ್ರಶ್ನೆಯು ಲಾಭ-ನಷ್ಟಗಳನ್ನೂ ಮೀರಿದುದಾಗಿದೆ.

ಕಲಿಸಿದ ಪಾಠ

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿ ಮಣ್ಣಿನ ಪಾಲಾಯಿತು. ಹಲವರು ಪ್ರಾಣ ತೆತ್ತರು. ಗಂಗಾವಳಿ ನದಿಗೆ ಬಿದ್ದ ಲಾರಿಯೊಂದನ್ನು ಮೇಲೆತ್ತಲು ಸೆಪ್ಟೆಂಬರ್ 25ರವರೆಗೆ ಕಾಯಬೇಕಾಯಿತು. ಈ ನಡುವೆ ಆಗಸ್ಟ್ 7ರಂದು ಕಾರವಾರ ಮತ್ತು ಸದಾಶಿವಗಡಗಳನ್ನು ಜೋಡಿಸುತ್ತಿದ್ದ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಅದಕ್ಕೂ ಹಿಂದೆ, 2009ರ ಅಕ್ಟೋಬರ್ 2ರಂದು ಕಾರವಾರದ ಸಮೀಪದ ಕಡವಾಡದಲ್ಲಿ ಗುಡ್ಡ ಜರಿದು 19 ಜನ ಮೃತಪಟ್ಟಿದ್ದರು.

ಹೆದ್ದಾರಿ ಮುಚ್ಚಿದರೆ ಮೀನಿನ ಪೆಟ್ಟಿಗೆ ಕಾಯುವುದಿಲ್ಲ. ಅಂಕೋಲೆಯ ಕರಿ ಇಶಾಡ ಮಾವೂ ಕಾಯುವುದಿಲ್ಲ. ಬಾಡಿಗೆ ಏರುತ್ತದೆ, ವಾಯಿದೆ ತಪ್ಪುತ್ತದೆ.

ಅಳತೆ ಉಂಟು, ಜೋಡಣೆ ಬೇಕು

ಅಂಕಿಅಂಶಗಳಿಗೆ ಇಲ್ಲಿ ಬರವಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿದ್ದು, 15 ನಿಮಿಷಕ್ಕೊಮ್ಮೆ ಮಾಹಿತಿ ರವಾನಿಸುತ್ತವೆ. ಕಾರವಾರದಲ್ಲಿ ಹವಾಮಾನ ವೀಕ್ಷಣಾಲಯವೂ ಸಮುದ್ರದ ಉಬ್ಬರ-ಇಳಿತದ ಮಾಪಕವೂ ಇವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಕುಸಿತದ ಸಂಭವವುಳ್ಳ ಇಳಿಜಾರುಗಳನ್ನು ನಕ್ಷೆಯಲ್ಲಿ ಗುರುತಿಸಿದೆ.

ಇವು ಬಿಡಿಬಿಡಿಯಾಗಿದ್ದರೆ ಕೇವಲ ದಾಖಲೆ, ಒಂದುಗೂಡಿದರೆ ಮುನ್ಸೂಚನೆ. ಬೇಡ್ತಿಯೇ ಕೆಳಗಿಳಿದು ಗಂಗಾವಳಿಯಾಗುವುದರಿಂದ ಘಟ್ಟದ ಮೇಲಿನ ಮಳೆಯ ಲೆಕ್ಕವು ಕೆಳಗಿನ ಊರುಗಳಿಗೆ ಮುಂಗಡ ಎಚ್ಚರಿಕೆಯಾಗಬಲ್ಲದು. ಭಾರಿ ಮಳೆಯ ಹೊತ್ತಿಗೆ ಸಮುದ್ರದಲ್ಲಿ ಉಬ್ಬರವಿದ್ದರೆ ಚರಂಡಿಯ ನೀರು ಹೊರಹೋಗದು. ಆ ಗಳಿಗೆಯನ್ನು ಉಬ್ಬರದ ಕೋಷ್ಟಕದಿಂದ ಮೊದಲೇ ತಿಳಿಯಬಹುದು. ಸತತ ಮಳೆ ಇಂತಿಷ್ಟು ಮಿಲಿಮೀಟರ್ ದಾಟಿದೊಡನೆ ಇಳಿಜಾರಿನ ಕೆಳಗೆ ವಾಹನ ನಿಲ್ಲಿಸಗೊಡದೆ, ಭಾರದ ಲಾರಿಗಳನ್ನು ಅಂಕೋಲೆಯಲ್ಲೇ ತಡೆಯಬೇಕೆಂಬ ಮಿತಿಯನ್ನು ತಜ್ಞರು ಮೊದಲೇ ಗೊತ್ತುಪಡಿಸಿದಲ್ಲಿ, ಆಯಾ ಹೊತ್ತಿನ ಊಹೆಗೆ ಎಡೆಯಿರದು. ಸೇತುವೆಗಳ ತಪಾಸಣೆಯ ದಿನಾಂಕ, ಭಾರದ ಮಿತಿ ಮತ್ತು ವಾಹನಗಳ ಎಣಿಕೆಗೂ ಇದೇ ಮಾತು ಅನ್ವಯಿಸುತ್ತದೆ.

ಸಣ್ಣ ಊರಿಗೂ ಸಾಧ್ಯ

ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಯು 2015ರಲ್ಲಿ ಆರಂಭವಾದ ಬಳಿಕ ಕರ್ನಾಟಕದ ಏಳು ನಗರಗಳು ಅದಕ್ಕೆ ಆಯ್ಕೆಯಾದವು. ಅವುಗಳಲ್ಲಿ ಕಾರವಾರವಾಗಲಿ ಅಂಕೋಲೆಯಾಗಲಿ ಇರಲಿಲ್ಲ. ಆದರೆ ಮೇಲೆ ಹೇಳಿದ ಕೆಲಸಕ್ಕೆ ಭಾರಿ ನಿಯಂತ್ರಣ ಕೊಠಡಿಯೇನೂ ಬೇಕಿಲ್ಲ. ಲಭ್ಯ ಮಾಹಿತಿಯನ್ನು ದಿನವೂ ಒಂದೇ ಕಡೆ ಬರೆದಿಡುವ ಶಿಸ್ತು, ಅದನ್ನು ನೋಡಿ ಆಜ್ಞೆ ಹೊರಡಿಸುವ ಒಬ್ಬ ಹೊಣೆಗಾರ ಅಧಿಕಾರಿ, ಆ ಆಜ್ಞೆಯನ್ನು ಲಾರಿ ಚಾಲಕನಿಗೂ ಅಂಗಡಿಕಾರನಿಗೂ ತಕ್ಷಣ ಮುಟ್ಟಿಸುವ ವ್ಯವಸ್ಥೆ, ಇಷ್ಟು ಸಾಕು.

ಇದರಲ್ಲಿ ವರ್ತಕರ ಪಾಲೂ ಉಂಟು. ಯಾವ ದಿನ, ಯಾವ ಓಣಿಯಲ್ಲಿ, ಗೋಡೆಯ ಯಾವ ಮಟ್ಟಕ್ಕೆ ನೀರು ಬಂತೆಂಬುದು ಅಂಗಡಿಕಾರನಿಗಿಂತ ಚೆನ್ನಾಗಿ ಬೇರೆ ಯಾರಿಗೂ ತಿಳಿಯದು. ಪ್ರತಿ ಮಳೆಗಾಲದಲ್ಲಿಯೂ ಗೋಡೆಯ ಮೇಲೆ ಗೆರೆ ಎಳೆದು, ದಿನಾಂಕ ಬರೆದು, ಓಣಿವಾರು ಪಟ್ಟಿಯನ್ನು ವರ್ತಕರ ಸಂಘದ ಮೂಲಕ ನಗರಸಭೆ ಅಥವಾ ಪುರಸಭೆಗೆ ಒಪ್ಪಿಸಿದರೆ, ಯಾವ ಚರಂಡಿಯನ್ನು ಮೊದಲು ಅಗಲಗೊಳಿಸಬೇಕೆಂಬ ಚರ್ಚೆಗೆ ಬಲವಾದ ಆಧಾರ ದೊರೆಯುತ್ತದೆ. ಸರಕು ಸಾಗಣೆದಾರರು ರಸ್ತೆ ಮುಚ್ಚಿದ ದಿನಗಳ ಮತ್ತು ತಗುಲಿದ ಹೆಚ್ಚುವರಿ ಬಾಡಿಗೆಯ ಲೆಕ್ಕವಿಟ್ಟರೆ, ಇಳಿಜಾರಿಗೆ ತಡೆಗೋಡೆ ಕೇಳುವ ಮನವಿಗೂ ತೂಕ ಬರುತ್ತದೆ.

ಬರಿಯ ಮನವಿಯನ್ನು ಕಡತದಲ್ಲಿ ಇರಿಸುವುದು ಸುಲಭ. ದಿನಾಂಕ ಮತ್ತು ಅಂಕಿಗಳುಳ್ಳ ಮನವಿಗೆ ಉತ್ತರ ಕೊಡಲೇಬೇಕಾಗುತ್ತದೆ. ಮುಂದಿನ ಮುಂಗಾರಿಗೆ ಮೊದಲೇ ಈ ಕಿರ್ದಿಯ ಮೊದಲ ಪುಟ ತೆರೆಯಲಿ.