ಮದುವೆ ವಿಡಿಯೋ: ಕತ್ತರಿ ಹಾಕುವ ಮುನ್ನ ನೀವೊಮ್ಮೆ ನೋಡಿ!

ಮಗಳ ಮದುವೆ ಮುಗಿಸಿ ನೆಮ್ಮದಿಯ ನಿಟ್ಟುಸಿರು ಬಿಟ್ಟಿದ್ದೀರಾ? ಛತ್ರದ ಬಾಡಿಗೆ, ಅಡುಗೆಯವರ ಲೆಕ್ಕ, ಪುರೋಹಿತರ ದಕ್ಷಿಣೆ ಎಲ್ಲ ಚುಕ್ತಾ ಆಯಿತೇ? ಸಂತೋಷ. ಆದರೆ ಒಂದು ಕೆಲಸ ಇನ್ನೂ ಬಾಕಿ ಇದೆ. ವಿಡಿಯೋದವರು ಹಿಡಿದುಕೊಂಡು ಹೋದ ಹತ್ತು ಗಂಟೆಯ ಚಿತ್ರವನ್ನು ಕತ್ತರಿಸಿ ಎರಡು ಗಂಟೆಗೆ ಇಳಿಸುವ ಮುನ್ನ ನೀವು ಅದನ್ನು ಒಮ್ಮೆ ನೋಡಬೇಕು.

"ಅಯ್ಯೋ, ಅದೆಲ್ಲ ಅವರ ಕೆಲಸ ಕಣ್ರೀ, ನಮಗೇನು ತಿಳಿಯುತ್ತೆ?" ಎನ್ನುತ್ತೀರಾ? ನಾನೂ ಹಾಗೆಂದುಕೊಂಡೇ ಕೆಟ್ಟವಳು. ಕೇಳಿ.

ನಮ್ಮ ದೊಡ್ಡ ಹುಡುಗಿಯ ಮದುವೆಯ ಹೊತ್ತಿಗೆ ನಮ್ಮತ್ತೆಯವರಿಗೆ ಓಡಾಡಲು ಆಗುತ್ತಿರಲಿಲ್ಲ. ಮಂಟಪದ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದ್ದೆವು. ಧಾರೆಯಾದ ಮೇಲೆ ಮೊಮ್ಮಗಳು ಬಗ್ಗಿ ನಮಸ್ಕರಿಸಿದಾಗ ಅವಳ ಕೆನ್ನೆ ಸವರಿ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ನಕ್ಕರು. ವಿಡಿಯೋ ಹುಡುಗ ಎದುರಿಗೇ ನಿಂತು ಅದನ್ನು ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಮೂರು ತಿಂಗಳಾದ ಮೇಲೆ ವಿಡಿಯೋ ಬಂತು. ಊಟದ ಪಂಕ್ತಿ ಹತ್ತು ನಿಮಿಷ ಇತ್ತು, ಅತ್ತೆಯವರ ಆ ನಗು ಮಾತ್ರ ಇರಲಿಲ್ಲ! ಓಡಿಹೋಗಿ ಕೇಳಿದರೆ, "ಆ ಕಾರ್ಡನ್ನು ಬೇರೆ ಮದುವೆಗೆ ಬಳಸಿಬಿಟ್ವಿ ಆಂಟಿ" ಎಂದರು. ಆ ವರ್ಷವೇ ಅತ್ತೆಯವರು ತೀರಿಕೊಂಡರು.

ಆಗ ಅವರ ಮೇಲೆ ಬಹಳ ಕೋಪ ಬಂದಿತ್ತು. ಈಗ ಯೋಚಿಸಿದರೆ, ಮೂಲೆಯ ಕುರ್ಚಿಯಲ್ಲಿ ಕುಳಿತ ಮುದುಕಿ ಯಾರೆಂದು ಎಡಿಟಿಂಗ್ ಮಾಡುವವರಿಗೆ ಹೇಗೆ ತಿಳಿಯಬೇಕು? ಹೇಳಬೇಕಾದವರು ನಾವು. ಹೇಳುವುದಕ್ಕೆ ಒಂದು ದಾರಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಈಗ ನನ್ನ ತಂಗಿಯ ಮಗಳೇ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮದುವೆ ವಿಡಿಯೋಗಳ ಎಡಿಟಿಂಗ್ ಮಾಡುತ್ತಾಳೆ. ಅವಳ ಪಕ್ಕದಲ್ಲಿ ಕುಳಿತು ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ಎರಡು ಪ್ರತಿ

ಕ್ಯಾಮೆರಾದಿಂದ ಕಾರ್ಡ್ ಮನೆಗೆ ಬಂದೊಡನೆ ಅವಳು ಅದನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಿಗೆ ತುಂಬಿಕೊಳ್ಳುತ್ತಾಳೆ. ಎರಡನ್ನೂ ತೆರೆದು ನೋಡಿದ ಮೇಲಷ್ಟೇ ಕಾರ್ಡ್ ಅಳಿಸುವುದು. "ಒಂದು ಡಿಸ್ಕ್ ಕೆಟ್ಟರೂ ಇನ್ನೊಂದು ಇರತ್ತೆ ದೊಡ್ಡಮ್ಮ, ಮದುವೆ ಇನ್ನೊಂದ್ಸಲ ಮಾಡಿಸಕ್ಕಾಗತ್ತಾ?" ಎನ್ನುತ್ತಾಳೆ. ಸರಿಯಾದ ಮಾತೇ!

ಈಗಿನ ಎಚ್‌ಡಿ ಚಿತ್ರ ಬಹಳ ಭಾರ. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು ಸೇರಿ ಒಂದು ಚಿತ್ರ. ಅಂಥವು ಸೆಕೆಂಡಿಗೆ 25 ಓಡುತ್ತವೆ. ಅವಳ ಕ್ಯಾಮೆರಾ ಸೆಕೆಂಡಿಗೆ 50 ಮೆಗಾಬಿಟ್‌ನಂತೆ ಬರೆದುಕೊಳ್ಳುತ್ತದೆ. ಲೆಕ್ಕ ಹಾಕಿದರೆ ಒಂದು ಗಂಟೆಗೆ ಸುಮಾರು 22 ಜಿಬಿ, ಹತ್ತು ಗಂಟೆಗೆ 225 ಜಿಬಿ! ಇದನ್ನು ಹಾಗೆಯೇ ನಮ್ಮ ಕೈಗಿತ್ತರೆ ಮೊಬೈಲಿನಲ್ಲಿ ನೋಡುವುದಂತೂ ಆಗದ ಮಾತು.

ನೋಡಲಿಕ್ಕೆ ಹಗುರ ಪ್ರತಿ

ಅದಕ್ಕೇ ಅವಳು ಒಂದು ಹಗುರ ಪ್ರತಿ ಮಾಡುತ್ತಾಳೆ. ಚುಕ್ಕಿಗಳನ್ನು 1280, 720ಕ್ಕೆ ಇಳಿಸಿ, ಸೆಕೆಂಡಿಗೆ 2 ಮೆಗಾಬಿಟ್ ಮಾಡಿದರೆ ಅದೇ ಹತ್ತು ಗಂಟೆ 9 ಜಿಬಿಗೆ ಇಳಿಯುತ್ತದೆ. 16 ಜಿಬಿ ಪೆನ್‌ಡ್ರೈವ್ ಸಾಕು. ಎಂಪಿ4 ರೂಪದಲ್ಲಿ ಕೊಟ್ಟರೆ ಹೆಚ್ಚಿನ ಟಿವಿ, ಮೊಬೈಲುಗಳಲ್ಲಿ ಓಡುತ್ತದೆ. ಕೆಲವು ಟಿವಿಗಳು 4 ಜಿಬಿಗಿಂತ ದೊಡ್ಡ ಫೈಲನ್ನು ಓದುವುದಿಲ್ಲವಾದ್ದರಿಂದ ವರಪೂಜೆ, ಧಾರೆ, ಸಪ್ತಪದಿ, ಆರತಕ್ಷತೆ ಎಂದು ತುಂಡು ತುಂಡಾಗಿಯೇ ಕೊಡುತ್ತಾಳೆ.

ಚಿತ್ರದ ಮೇಲೆ "ಪರಿಶೀಲನೆಗೆ ಮಾತ್ರ" ಎಂಬ ಬರಹ ಇರುತ್ತದೆ. ಕೆಳಗಡೆ ಅಂಕಿಗಳು ಓಡುತ್ತಿರುತ್ತವೆ: ಗಂಟೆ, ನಿಮಿಷ, ಸೆಕೆಂಡು, ಕೊನೆಯಲ್ಲಿ ಆ ಸೆಕೆಂಡಿನ ಎಷ್ಟನೆಯ ಚಿತ್ರ ಎಂಬುದು. ಇದೇ ನಮ್ಮ ವಿಳಾಸ! ನಾವು ಅಂಕಿ ಹೇಳಿದರೆ ಸಾಕು, ಅವಳು ಮೂಲದಲ್ಲಿ ಅದೇ ಜಾಗಕ್ಕೆ ನೇರವಾಗಿ ಹೋಗುತ್ತಾಳೆ.

ಈ ಪ್ರತಿಯಲ್ಲಿ ಚಿತ್ರ ಸ್ವಲ್ಪ ಮಸುಕಾಗಿ ಕಂಡರೆ, ಸೀರೆಯ ಬಣ್ಣ ಪೇಲವ ಎನ್ನಿಸಿದರೆ ಗಾಬರಿ ಬೇಡ. ಕೊನೆಯ ವಿಡಿಯೋ ತಯಾರಾಗುವುದು ಮೂಲದಿಂದಲೇ, ಬಣ್ಣ ತಿದ್ದುವುದೂ ಆಮೇಲೆಯೇ.

ಕೈಯಲ್ಲಿ ನೋಟ್‌ಬುಕ್ ಇರಲಿ

ಮಧ್ಯಾಹ್ನದ ಕೆಲಸ ಮುಗಿಸಿ, ದಿನಕ್ಕೆ ಒಂದು ಗಂಟೆಯಂತೆ ನೋಡಿ. ಬೀಗಿತ್ತಿಯವರನ್ನೂ ಕರೆಯಿರಿ, ಅವರ ಕಡೆಯವರು ನಿಮಗೆ ಗೊತ್ತಿಲ್ಲ, ನಿಮ್ಮ ಕಡೆಯವರು ಅವರಿಗೆ ಗೊತ್ತಿಲ್ಲ. ಪುಟದಲ್ಲಿ ಮೂರು ಗೆರೆ ಎಳೆದು ಬರೆದುಕೊಳ್ಳಿ:

ಕ್ಯಾಮೆರಾ 1, 1:12:40. ಅಜ್ಜಿ ಮಾತನಾಡುವುದು. ಪೂರ್ತಿ ಇರಲಿ, ಧ್ವನಿಯೂ ಇರಲಿ.
ಕ್ಯಾಮೆರಾ 2, 0:35:10. ಸೋದರಮಾವ ಕಣ್ಣೊರೆಸಿಕೊಳ್ಳುವುದು. ಇರಲಿ.
ಕ್ಯಾಮೆರಾ 2, 2:05:00. ಊಟದ ಪಂಕ್ತಿ. ಒಂದು ನಿಮಿಷ ಸಾಕು.

ಎರಡು ಕ್ಯಾಮೆರಾ ಇದ್ದರೆ ಯಾವುದೆಂದು ತಪ್ಪದೆ ಬರೆಯಿರಿ. "ಆ ಹಸಿರು ಸೀರೆಯವರು ಬರ್ತಾರಲ್ಲ, ಅದು" ಎಂದರೆ ಯಾರಿಗೂ ತಿಳಿಯದು! ಫೈಲುಗಳ ಹೆಸರನ್ನೂ ಬದಲಾಯಿಸಬೇಡಿ. ಆ ಹೆಸರಿನಿಂದಲೇ ಅವರು ಮೂಲವನ್ನು ಹುಡುಕುವುದು. ಮನೆಯವರೆಲ್ಲರ ಮಾತು ಸೇರಿಸಿ ಒಂದೇ ಪಟ್ಟಿ ಕೊಡಿ. ದಿನಕ್ಕೊಬ್ಬರು ಫೋನ್ ಮಾಡಿದರೆ ಕೆಲಸ ಮಾಡುವವರ ತಲೆ ಕೆಡುತ್ತದೆ.

ಮುಂಗಡ ಕೊಡುವಾಗಲೇ ಕೇಳಿ

ಇದೆಲ್ಲ ಮದುವೆಯಾದ ಮೇಲೆ ಕೇಳುವ ಮಾತಲ್ಲ. ಮುಂಗಡ ಕೊಡುವ ದಿನವೇ ಕೇಳಿ: ಕತ್ತರಿಸುವ ಮುನ್ನ ಅಂಕಿ ಇರುವ ಪ್ರತಿ ಕೊಡುತ್ತೀರಾ? ಎಷ್ಟು ಸಲ ತಿದ್ದಿ ಕೊಡುತ್ತೀರಿ? ಮೂಲವನ್ನು ಎಷ್ಟು ತಿಂಗಳು ಇಟ್ಟಿರುತ್ತೀರಿ? ಹಾರ್ಡ್ ಡಿಸ್ಕ್ ನಾವೇ ತಂದುಕೊಟ್ಟರೆ ತುಂಬಿಕೊಡುತ್ತೀರಾ? ಉತ್ತರಗಳನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಸಂಕೋಚ ಬೇಡ. ಹೂವಿನವರ ಹತ್ತಿರ ಮಾರಿಗೆ ಎಷ್ಟೆಂದು ಕೇಳುವುದಿಲ್ಲವೇ? ಇದೂ ಹಾಗೆಯೇ.

ಕಳೆದ ಸಲ ಚಿಕ್ಕವಳ ಮದುವೆಗೆ ನಾನು ನೋಟ್‌ಬುಕ್ ಹಿಡಿದು ಕುಳಿತೆ. ನಾಲ್ಕು ಪುಟದ ಪಟ್ಟಿಯಾಯಿತು. ಅದರ ಮೊದಲನೆಯ ಸಾಲು, ನನ್ನ ಅಮ್ಮ ಬಾಗಿಲಲ್ಲಿ ನಿಂತು ಅರಿಶಿನದ ಕೈ ಸೆರಗಿಗೆ ಒರೆಸಿಕೊಳ್ಳುವುದು. ಬೇರೆ ಯಾರೇ ಆಗಿದ್ದರೂ ಅದನ್ನು ಕತ್ತರಿಸಿ ಎಸೆಯುತ್ತಿದ್ದರು. ನಮ್ಮ ಮನೆಯ ವಿಡಿಯೋ ಈಗ ಅಲ್ಲಿಂದಲೇ ಶುರುವಾಗುತ್ತದೆ.