ಸ್ಕೈಲೈಟ್ ಸುತ್ತ ಫೋಮ್ ತುಂಬಿದರೆ ಮನೆ 10 ಡಿಗ್ರಿ ತಂಪಾಗುತ್ತಾ?

“ಸ್ಕೈಲೈಟ್ ಸುತ್ತ ಫೋಮ್ ತುಂಬಿಸಿ, ಇಲ್ಲವೇ ಥರ್ಮೋಕೋಲ್ ಅಂಟಿಸಿ. ಮನೆ 10 ಡಿಗ್ರಿ ತಂಪು, ಎಸಿ ಬೇಡವೇ ಬೇಡ!” ಬೇಸಿಗೆ ಶುರುವಾದರೆ ಸಾಕು, ಇಂಥ ಮೆಸೇಜು, ವಿಡಿಯೋಗಳು ಮನೆಯವರ ಗ್ರೂಪು, ಊರಿನ ಗ್ರೂಪು ಎಲ್ಲ ಕಡೆ ಓಡಾಡುತ್ತವೆ. ಆ ಕೆಲಸವೇನೋ ಸುಳ್ಳಲ್ಲ. ಆದರೆ ಅದು ಯಾವ ಊರಿನ ಮನೆಗೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗೆ ಅದು ಎಷ್ಟು ಹೊಂದುತ್ತದೆ ಎಂದು ನೋಡೋಣ.

ಈ ಉಪಾಯ ಬಂದದ್ದು ಎಲ್ಲಿಂದ?

ಚಳಿ ದೇಶಗಳಿಂದ. ಇಳಿಜಾರು ಚಾವಣಿಗೆ ಕೂರಿಸುವ ಕಿಟಕಿಗಳಿಗೆ ಹೆಸರಾದ ವೆಲಕ್ಸ್ ಕಂಪನಿ 1941ರಲ್ಲಿ ಶುರುವಾದದ್ದು ಡೆನ್ಮಾರ್ಕಿನಲ್ಲಿ. ಅಲ್ಲಿ ಚಳಿಗಾಲದಲ್ಲಿ ಹೊರಗೆ 0 ಡಿಗ್ರಿ, ಒಳಗೆ ಹೀಟರ್ ಹಾಕಿ 20 ಡಿಗ್ರಿ. ಚೌಕಟ್ಟಿನ ಸುತ್ತ ಸಂದು ಉಳಿದರೆ ದುಡ್ಡು ಕೊಟ್ಟು ಮಾಡಿಕೊಂಡ ಬಿಸಿ ಹೊರಗೆ ಹೋಗುತ್ತದೆ, ಒಳಗಿನ ತೇವ ಮರದಲ್ಲಿ ಕೂತು ಮರ ಕೊಳೆಯುತ್ತದೆ. ಅದಕ್ಕೇ ಅಲ್ಲಿ ಸಂದು ತುಂಬುವುದು ಕಡ್ಡಾಯ. ಲಂಡನ್ನಿನಲ್ಲೋ ಕೋಪನ್‌ಹೇಗನ್ನಿನಲ್ಲೋ ಇರುವ ನಿಮ್ಮ ಮಗಳ ಮನೆಗೆ ಆ ವಿಡಿಯೋ ಸರಿಯಾಗಿಯೇ ಇದೆ.

ನಮ್ಮಲ್ಲಿ ಸೆಕೆ ಬರುವುದು ಎಲ್ಲಿಂದ?

ಗಾಜಿನಿಂದ. ಮಂಡ್ಯ ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಇಲ್ಲಿ ಸೂರ್ಯ ನಡು ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಗೋಡೆಯ ಕಿಟಕಿ ಆಗ ತಪ್ಪಿಸಿಕೊಳ್ಳುತ್ತದೆ, ಚಾವಣಿಯ ಕಿಟಕಿಗೆ ಮಾತ್ರ ಪೂರ್ತಿ ಬಿಸಿಲು. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಹಾಗಾಗಿ “ಉತ್ತರಕ್ಕೆ ಮುಖ ಮಾಡಿ ಇಟ್ಟರೆ ಬಿಸಿಲು ಬೀಳಲ್ಲ” ಎಂಬ ಮಾತೂ ಇಲ್ಲಿ ಪೂರ್ತಿ ನಡೆಯದು.

ಒಂದು ಸಣ್ಣ ಲೆಕ್ಕ ಮಾಡೋಣ. 3 ಅಡಿಗೆ 4 ಅಡಿ ಸ್ಕೈಲೈಟ್ ಎಂದರೆ 12 ಚದರ ಅಡಿ, ಹತ್ತಿರ ಹತ್ತಿರ 1.1 ಚದರ ಮೀಟರ್. ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವಾಟ್. ಸಾದಾ ಗಾಜು ಅದರಲ್ಲಿ ನೂರಕ್ಕೆ 80 ಪಾಲನ್ನು ಒಳಗೆ ಬಿಡುತ್ತದೆ. ಅಂದರೆ ಕೋಣೆಯಲ್ಲಿ 750 ವಾಟಿನ ಇಸ್ತ್ರಿ ಪೆಟ್ಟಿಗೆಯನ್ನು ಹಚ್ಚಿಟ್ಟು ಮರೆತಂತೆ, ಅದಕ್ಕಿಂತ ಸ್ವಲ್ಪ ಹೆಚ್ಚೇ.

ಈಗ ಸುತ್ತಲಿನ ಸಂದು ನೋಡಿ. ಒಂದು ಇಂಚು ಅಗಲವಿದ್ದರೂ ಒಟ್ಟು 1.2 ಚದರ ಅಡಿ ಆಗದು. ಅದರ ಮೂಲಕ ದಾಟುವ ಬಿಸಿ ನಮ್ಮ ಅಂದಾಜಿನಲ್ಲಿ 10–20 ವಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು. ಇಸ್ತ್ರಿ ಪೆಟ್ಟಿಗೆ ಉರಿಯುತ್ತಿರಲಿ ಎಂದು ಬಿಟ್ಟು ಬಲ್ಬು ಆರಿಸಿದರೆ ಕೋಣೆ ತಂಪಾದೀತೇ? 10 ಡಿಗ್ರಿಯ ಮಾತು ಅಲ್ಲಿಗೇ ಮುಗಿಯಿತು.

ತೊಟ್ಟಿಮನೆ ಹೇಳುವ ಪಾಠ

ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ನಡುವಿನ ತೊಟ್ಟಿ ಆಕಾಶಕ್ಕೆ ತೆರೆದೇ ಇರುತ್ತಿತ್ತು. ಬಿಸಿಯಾದ ಗಾಳಿ ಹಗುರ, ಅದು ಮೇಲೇರಿ ಅಲ್ಲಿಂದ ಹೊರಟು ಹೋಗುತ್ತಿತ್ತು. ಹೆಂಚಿನ ಮನೆಯಲ್ಲೂ ಬೆಳಕಿಗೆ ಒಂದೆರಡು ಗಾಜಿನ ಹೆಂಚು ಇದ್ದರೆ, ಉಳಿದ ಹೆಂಚುಗಳ ಸಂದಿನಿಂದ ಗಾಳಿ ಆಡುತ್ತಿತ್ತು. ಈಗ ಮಳೆ, ಕೋತಿ, ಕಳ್ಳರ ಕಾಟಕ್ಕೆ ತೊಟ್ಟಿಯ ಮೇಲೆ ಪಾಲಿಕಾರ್ಬೊನೇಟ್ ಶೀಟ್ ಹಾಕಿಸುತ್ತೇವೆ. ತಪ್ಪಲ್ಲ. ಆದರೆ ಬಿಸಿಲು ಒಳಗೆ ಬರುತ್ತದೆ, ಬಿಸಿ ಗಾಳಿಗೆ ದಾರಿ ಇರುವುದಿಲ್ಲ. ಅದರ ಮೇಲೆ ಉಳಿದ ಸಂದಿಗೂ ಫೋಮ್ ತುಂಬಿಸಿದರೆ ಮನೆ ತಂಪಾಗುವುದಿರಲಿ, ಇನ್ನಷ್ಟು ಬೇಯುತ್ತದೆ!

ಹನಿ ಬಿದ್ದರೆ ಸೋರಿಕೆಯೇ?

ಯಾವಾಗಲೂ ಅಲ್ಲ. ಡಿಸೆಂಬರ್, ಜನವರಿಯಲ್ಲಿ ಮಳೆ ಇಲ್ಲದ ದಿನ ಬೆಳಗಿನ ಜಾವ ಹನಿ ಬಿದ್ದರೆ ಅದು ಒಳಗಿನದೇ ತೇವ. ರಾತ್ರಿ ಗಾಜು, ತಗಡು ತಣ್ಣಗಾಗುತ್ತವೆ; ನಮ್ಮ ಉಸಿರು, ಅಡುಗೆಯ ಹಬೆ, ಬಚ್ಚಲಿನ ಬಿಸಿನೀರಿನ ಹಬೆ ಅಲ್ಲಿ ನೀರಾಗಿ ಕೂರುತ್ತವೆ. ಇದಕ್ಕೆ ಮದ್ದು ಗಾಳಿ, ಸಿಮೆಂಟ್ ಅಲ್ಲ. ಮಳೆ ಬಂದಾಗ ಮಾತ್ರ ಹನಿದರೆ ಅದು ಸೋರಿಕೆ. ಖಚಿತಪಡಿಸಿಕೊಳ್ಳಲು ಒಬ್ಬರು ತಾರಸಿಯಲ್ಲಿ ಪೈಪ್ ಹಿಡಿದು ಕೆಳಗಿನ ಅಂಚಿನಿಂದ ಶುರು ಮಾಡಿ ಒಂದೊಂದೇ ಬದಿಗೆ ನೀರು ಬಿಡಲಿ, ಇನ್ನೊಬ್ಬರು ಒಳಗೆ ನಿಂತು ನೋಡಲಿ. ಎಲ್ಲಿ ಸೋರುತ್ತದೆ ಎಂದು ತಿಳಿಯದೆ ಗಾರೆ ಕೆಲಸಕ್ಕೆ ದುಡ್ಡು ಹಾಕಬೇಡಿ.

ಸಿಮೆಂಟ್ ಮೆತ್ತಿದರೆ ಮುಂದಿನ ವರ್ಷ ಯಾಕೆ ಬಿರುಕು ಬಿಡುತ್ತದೆ?

ಬಿಸಿಲಿಗೆ ಎಲ್ಲವೂ ಹಿಗ್ಗುತ್ತವೆ, ಆದರೆ ಸಮನಾಗಿ ಅಲ್ಲ. 40 ಡಿಗ್ರಿ ಬಿಸಿ ಏರಿದರೆ 3 ಮೀಟರ್ ಉದ್ದದ ಪಾಲಿಕಾರ್ಬೊನೇಟ್ ಶೀಟ್ ಸುಮಾರು 8 ಮಿಲಿಮೀಟರ್ ಹಿಗ್ಗುತ್ತದೆ, ಅಷ್ಟೇ ಉದ್ದದ ಕಾಂಕ್ರೀಟ್ 1 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ನಡುವೆ ಗಟ್ಟಿಯಾಗಿ ಕೂತ ಸಿಮೆಂಟ್ ಒಡೆಯದೆ ಇನ್ನೇನು ಮಾಡೀತು? ಅಲ್ಲಿ ರಬ್ಬರಿನಂತೆ ಎಳೆಯುವ ಸೀಲೆಂಟ್ ಬೇಕು. ಅಂಗಡಿಯಲ್ಲಿ ಕೊಳ್ಳುವಾಗ ‘ನ್ಯೂಟ್ರಲ್’ ಸಿಲಿಕಾನ್ ಎಂದು ಕೇಳಿ. ಹುಳಿ ವಾಸನೆಯ ಬಗೆ ಕಾಂಕ್ರೀಟಿಗೂ ಪಾಲಿಕಾರ್ಬೊನೇಟಿಗೂ ಒಗ್ಗುವುದಿಲ್ಲ. ಸ್ಪ್ರೇ ಫೋಮ್ ಮಳೆಗೆ ತಡೆಯೂ ಅಲ್ಲ. ಬಿಸಿಲಿಗೆ ತೆರೆದಿಟ್ಟರೆ ಹಳದಿಯಾಗಿ ಪುಡಿ ಉದುರುತ್ತದೆ.

ಬೆಂಕಿಯ ಮಾತು

ಇದನ್ನು ಮೆಸೇಜಿನಲ್ಲಿ ಬರೆದಿರುವುದಿಲ್ಲ. ಥರ್ಮೋಕೋಲ್ ಸುಲಭವಾಗಿ ಹತ್ತಿಕೊಂಡು ಉರಿಯುತ್ತಲೇ ಕರಗಿ ತೊಟ್ಟಿಕ್ಕುತ್ತದೆ. ಪಾಲಿಯುರೆಥೇನ್ ಫೋಮ್ ಸುಟ್ಟರೆ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಸಯನೈಡ್ ಅನಿಲವೂ ಬರುತ್ತದೆ. ಸೌದೆ ಒಲೆ, ಗ್ಯಾಸ್ ಒಲೆ, ದೇವರ ದೀಪ, ಬಿಡಿಬಿಡಿಯಾಗಿ ಎಳೆದ ವೈರು ಇರುವ ಕಡೆ ಇವನ್ನು ಬಯಲಾಗಿ ಅಂಟಿಸಲೇಬೇಡಿ.

ಹಾಗಾದರೆ ಏನು ಮಾಡಬೇಕು?

1. ನೆರಳನ್ನು ಗಾಜಿನ ಹೊರಗೆ ಮಾಡಿ. ನರ್ಸರಿಗೆ ಹಾಕುವ ಶೇಡ್ ನೆಟ್ಟನ್ನು ಗಾಜಿನಿಂದ ಒಂದಡಿ ಮೇಲೆ ಕಟ್ಟಿದರೂ ಸಾಕು, ಬಿಸಿಲು ಒಳಗೆ ಬರುವ ಮೊದಲೇ ತಡೆಯುತ್ತದೆ. ಒಳಗೆ ಪರದೆ ಕಟ್ಟಿದರೆ ಬಿಸಿ ಆಗಲೇ ಮನೆ ಸೇರಿರುತ್ತದೆ. ಒಳಬದಿಗೆ ಕಪ್ಪು ಫಿಲ್ಮ್ ಅಂಟಿಸಿದರೆ ಗಾಜು ಕಾದು ಸೀಳುವ ಅಪಾಯವೂ ಇದೆ.

2. ಸ್ಕೈಲೈಟಿನ ಸುತ್ತ 6 ಇಂಚು ಎತ್ತರದ ಕಟ್ಟೆ ಇರಲಿ, ನೀರು ನಿಲ್ಲುವುದಿಲ್ಲ. ಕಟ್ಟೆಯ ಎದುರುಬದುರು ಬದಿಯಲ್ಲಿ ಮಳೆ ಎರಚದಂತೆ ಗಾಳಿಕಿಂಡಿ ಬಿಟ್ಟು ಸೊಳ್ಳೆ ಜಾಲರಿ ಹಾಕಿಸಿ.

3. ಸುತ್ತಲಿನ ತಾರಸಿಗೆ ಬಿಳಿ ಬಣ್ಣ ಅಥವಾ ಸುಣ್ಣ ಹೊಡೆಯಿರಿ. ಬಿಳಿ ತಾರಸಿ ಬಹುಪಾಲು ಬಿಸಿಲನ್ನು ವಾಪಸ್ ಕಳಿಸುತ್ತದೆ. ಧೂಳು ಕೂತರೆ ಗುಣ ಕಮ್ಮಿ, ಆಗಾಗ ತೊಳೆಯಬೇಕು.

4. ಎಸಿ ಇರುವ ಕೋಣೆಯಾದರೆ ಮಾತು ಬೇರೆ. ಅಲ್ಲಿ ಗಾಳಿ ಸೋರಬಾರದು, ಸಂದು ಮುಚ್ಚುವುದು ಲಾಭವೇ. ಆದರೂ ನೆರಳು ಮೊದಲು, ಸೀಲೆಂಟ್ ಆಮೇಲೆ.

ರೇಷ್ಮೆ ಬೆಳೆಗಾರರಿಗೆ ಒಂದು ಮಾತು

ಮದ್ದೂರು, ಮಳವಳ್ಳಿ ಕಡೆ ಹುಳು ಮನೆಗೆ ಬೆಳಕಿಗೆಂದು ಪಾರದರ್ಶಕ ಶೀಟ್ ಹಾಕಿಸುವುದುಂಟು. ನಾಲ್ಕನೇ ಜ್ವರ ಎದ್ದ ಹುಳುವಿಗೆ ಬೇಕಾದದ್ದು 24–25 ಡಿಗ್ರಿ ಆಸುಪಾಸು. ನೆತ್ತಿಯ ಬಿಸಿಲು ನೇರ ಒಳಗೆ ಬಿದ್ದರೆ ಇಡೀ ಬೆಳೆಗೆ ಪೆಟ್ಟು. ಶೀಟಿನ ಮೇಲೆ ಶೇಡ್ ನೆಟ್ ಇರಲಿ. ಹುಳುವಿಗೆ ರಾಸಾಯನಿಕದ ಘಾಟು ಆಗದು, ಆದ್ದರಿಂದ ಪೇಂಟ್, ಫೋಮ್, ಸೀಲೆಂಟ್ ಕೆಲಸವನ್ನು ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಹಿಡಿಯುವ ಮೊದಲೇ ಮುಗಿಸಿ.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು. ರಿಪೇರಿಗೆಂದು ಹತ್ತಿದಾಗ ಶೀಟಿನ ಮೇಲಾಗಲಿ ಗಾಜಿನ ಮೇಲಾಗಲಿ ಕಾಲಿಡಬೇಡಿ. ಬಿಸಿಲು ತಿಂದ ಹಳೆಯ ಶೀಟ್ ಗಟ್ಟಿಯಾಗಿ ಕಂಡರೂ ಮನುಷ್ಯನ ಭಾರಕ್ಕೆ ಒಡೆಯುತ್ತದೆ. ತಾರಸಿಯಲ್ಲಿ ಮಕ್ಕಳು ಆಡುವ ಮನೆಯಾದರೆ ಸುತ್ತ ಕಂಬಿ, ಕೆಳಗೆ ಕಬ್ಬಿಣದ ಜಾಲರಿ ಹಾಕಿಸಿ. ಸಂದು ಸೋರಿದರೆ ಗೋಡೆ ನೆನೆಯುತ್ತದೆ, ಅಷ್ಟೆ. ಕಾಲು ತಪ್ಪಿದರೆ ಜೀವವೇ ಹೋಗಬಹುದು.

ನಮ್ಮ ತೀರ್ಮಾನ: “ಫೋಮ್ ತುಂಬಿದರೆ 10 ಡಿಗ್ರಿ ತಂಪು” ಎಂಬುದು ನಮ್ಮ ಮನೆಗಳ ಮಟ್ಟಿಗೆ ಸುಳ್ಳು. ಆ ಮೆಸೇಜ್ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಒಂದು ಸಲ ತಾರಸಿಗೆ ಹೋಗಿ ನೋಡಿ, ಮಧ್ಯಾಹ್ನ 12ಕ್ಕೆ ನಿಮ್ಮ ಗಾಜಿನ ಮೇಲೆ ನೆರಳಿದೆಯೇ?